ಉರಿ ಏರಿಸಿದರೆ ಅನ್ನ ಬೇಗ ಆದೀತೇ?



ಹೋದ ಸಲ ಅಪ್ಪೆಮಿಡಿ ಉಪ್ಪಿಗೆ ಹಾಕುವುದರ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ಕೇಳಿದರೆ ನಗುತ್ತೀರಿ. ಆದರೆ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇಂದಲ್ಲ ನಾಳೆ ಈ ಮಾತು ಬಂದೇ ಬರುತ್ತದೆ. ಅದರ ಹೆಸರು ಓವರ್‌ಕ್ಲಾಕಿಂಗ್.

ಶಿವಮೊಗ್ಗದಲ್ಲಿ ಓದುವ ನನ್ನ ಮಗ ರಜಕ್ಕೆ ಈಸೂರಿಗೆ ಬಂದಿದ್ದಾನೆ. ಜೊತೆಗೆ ಅವನ ಕಂಪ್ಯೂಟರೂ ಬಂದಿದೆ. ಅದರೊಳಗೆ ಗ್ರಾಫಿಕ್ಸ್ ಕಾರ್ಡು ಅಂತ ಒಂದು ಭಾಗ. ಪರದೆಯ ಮೇಲೆ ಚಿತ್ರ ಬಿಡಿಸುವುದೇ ಅದರ ಕೆಲಸ. ಆಟ ಆಡುವಾಗ ಸೆಕೆಂಡಿಗೆ ಐವತ್ತು ಅರವತ್ತು ಚಿತ್ರ ಬಿಡಿಸಬೇಕು, ಕಡಿಮೆಯಾದರೆ ಆಟ ತಡವರಿಸುತ್ತದೆ. ನಮ್ಮದು ಜಿಟಿಎಕ್ಸ್ 1650, 2019ರಲ್ಲಿ ಬಂದ ಮಾದರಿ. ಯಾರೋ ಬಳಸಿ ಬಿಟ್ಟದ್ದನ್ನು ನಾನು ಸಂಘದಲ್ಲಿ ಸಾಲ ತೆಗೆದು ಕೊಡಿಸಿದ್ದು. ಇನ್ನೂ ನಾಲ್ಕು ಕಂತು ಬಾಕಿ. ನಮ್ಮನೆಯವರಿಗೆ ಅರ್ಧ ಬೆಲೆ ಮಾತ್ರ ಹೇಳಿದ್ದೇನೆ. ಇದನ್ನು ಓದಿದರೆ ಪೂರ್ತಿ ಗೊತ್ತಾಗುತ್ತದೆ, ಆಗಲಿ ಬಿಡಿ.

"ಅಮ್ಮ, ಇದರ ವೇಗ ಏರಿಸ್ತೀನಿ. ಒಂದು ರೂಪಾಯಿ ಖರ್ಚಿಲ್ಲ, ಪುಕ್ಕಟೆ" ಅಂದ. ಪುಕ್ಕಟೆ ಅಂದ ಕೂಡಲೇ ನನಗೆ ಅನುಮಾನ. ಬೇಡ ಅಂದೆ. 1942ರಲ್ಲೇ ನಾವು ಸ್ವತಂತ್ರರು ಅಂತ ಬ್ರಿಟಿಷರಿಗೆ ಸೆಡ್ಡು ಹೊಡೆದ ಊರು ನಮ್ಮದು. ಇಲ್ಲಿಯ ಮಕ್ಕಳು ಬೇಡ ಅಂದರೆ ಕೇಳುತ್ತಾರೆಯೇ! ಕೊನೆಗೆ, "ನನ್ನ ಕಣ್ಣೆದುರಿಗೇ ಮಾಡು, ಒಂದೊಂದೂ ಬಿಡಿಸಿ ಹೇಳು" ಅಂತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ನನಗೆ ತಿಳಿದದ್ದು ಇಷ್ಟು. ಪ್ರತಿ ಕಾರ್ಡಿಗೂ ಕಂಪನಿಯವರು ಒಂದು ವೇಗ ಗೊತ್ತುಮಾಡಿರುತ್ತಾರೆ. ಈ ಮಾದರಿಗೆ ಅದು 1665 ಮೆಗಾಹರ್ಟ್ಸ್. ಒಂದೇ ಮರದ ಎರಡು ಹಲಸಿನ ಹಣ್ಣು ಒಂದೇ ಸಮ ಇರುವುದಿಲ್ಲವಲ್ಲ, ಒಂದೇ ಕಾರ್ಖಾನೆಯ ಚಿಪ್ಪುಗಳೂ ಹಾಗೇ. ದುರ್ಬಲವಾದದ್ದೂ ತಡೆದುಕೊಳ್ಳಲಿ ಅಂತ ಸ್ವಲ್ಪ ಕೈ ಹಿಡಿದೇ ವೇಗ ಇಡುತ್ತಾರೆ. ಆ ಉಳಿದದ್ದನ್ನು ನಾವು ಹಿಂಡಿಕೊಳ್ಳುವುದೇ ಓವರ್‌ಕ್ಲಾಕಿಂಗ್. ಆದರೆ 2012ರಲ್ಲಿ ಎನ್‌ವಿಡಿಯಾ ಕಂಪನಿ, ಕಾವು ಮತ್ತು ಕರೆಂಟು ನೋಡಿಕೊಂಡು ಕಾರ್ಡು ತಾನೇ ವೇಗ ಏರಿಸಿಕೊಳ್ಳುವ ಏರ್ಪಾಡು ತಂದಿತು. ಅಲ್ಲಿಂದೀಚೆಗೆ ನಮ್ಮ ಕೈಗೆ ಬರುವುದು ಹಿಂಡಿದ ನಿಂಬೆಹಣ್ಣೇ.

ಕಾರು ಓಡಿಸುವ ಆಟ ಹಾಕಿ ಮೊದಲು ಲೆಕ್ಕ ಬರೆದುಕೊಂಡೆವು: 54 ಚಿತ್ರ, ಕಾವು 81 ಡಿಗ್ರಿ. ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿದ. 57 ಆಯಿತು. ಫ್ಯಾನಿನ ಸದ್ದು ಮಾತ್ರ ಹಿಟ್ಟಿನ ಗಿರಣಿ! ಇನ್ನಷ್ಟು ಏರಿಸಿದ ನೋಡಿ, ಪರದೆ ತುಂಬ ಬಣ್ಣಬಣ್ಣದ ಚುಕ್ಕಿ, ಆಮೇಲೆ ಪೂರ್ತಿ ಕಪ್ಪು. ನನಗೆ ಕೈಕಾಲೇ ಆಡಲಿಲ್ಲ. ನಾಲ್ಕೂ ಕಂತು ಕಣ್ಣ ಮುಂದೆ ಬಂದವು.

ಆಫ್ ಮಾಡಿ ಆನ್ ಮಾಡಿದ ಮೇಲೆ ಮೊದಲಿನಂತೆ ಬಂತು, ಪುಣ್ಯ. ವೇಗ ಮಾತ್ರ ಏರಿಸಿದರೆ ಸಾಮಾನ್ಯವಾಗಿ ಆಟ ನಿಲ್ಲುತ್ತದೆ, ಕಾರ್ಡು ಸುಡುವುದಿಲ್ಲವಂತೆ. ವೋಲ್ಟೇಜು ಏರಿಸುವುದು ಅಪಾಯ. ಅದಕ್ಕೆ ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ. ಹೊಸ ಕಾರ್ಡಾದರೆ ವಾರಂಟಿ ಚೀಟಿಯನ್ನೂ ಓದಿ. ಹೀಗೆ ಕೆಟ್ಟರೆ ನಾವು ಜವಾಬ್ದಾರರಲ್ಲ ಅಂತ ಅನೇಕ ಕಂಪನಿಯವರು ಬರೆದಿರುತ್ತಾರೆ.

54ನ್ನೂ 57ನ್ನೂ ಒಂದಾದ ಮೇಲೊಂದು ತೋರಿಸಿ "ವ್ಯತ್ಯಾಸ ಕಾಣ್ತಾ?" ಅಂದ. ನನಗೆ ಕಾಣಲಿಲ್ಲ. ಕನ್ನಡಕದ ದೋಷವೇನೋ ಅಂತ "ನಿಂಗೆ ಕಾಣುತ್ತೇನೋ?" ಅಂದೆ. ಸುಮ್ಮನಾದ.

ಮಿಕ್ಸಿ ಬಿಸಿಯಾದರೆ ಕೆಳಗಿನ ಕೆಂಪು ಗುಂಡಿ ಹಾರಿ ನಿಂತುಬಿಡುತ್ತದಲ್ಲ? ಕಾರ್ಡು ನಿಲ್ಲುವುದಿಲ್ಲ, ಆದರೆ ಕಾವು ಹೆಚ್ಚಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹಾಗಿದ್ದರೆ ಮೊದಲು ಕಾವು ಇಳಿಸಬೇಕಲ್ಲವೇನೋ ಅಂದೆ. ಪ್ಲಗ್ಗು ಕಿತ್ತು ಪೆಟ್ಟಿಗೆ ಬಿಚ್ಚಿಸಿದೆ. ಅಬ್ಬಾ ಧೂಳು! ಮೆಕ್ಕೆಜೋಳ ಬಡಿದ ಕಣದ ಹಾಗಿತ್ತು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಒಣ ಬ್ರಶ್ಶಿನಲ್ಲಿ ಮೆಲ್ಲಗೆ ಗುಡಿಸಿದೆವು. 81 ಇದ್ದ ಕಾವು 73ಕ್ಕೆ ಬಂತು. ಆಮೇಲೆ ಆಟದೊಳಗೆ ನೆರಳಿನ ಅಂದ ಅತಿ ಹೆಚ್ಚು ಇದ್ದದ್ದನ್ನು ಮಧ್ಯಮಕ್ಕೆ ಇಳಿಸಿದ. ಚಿತ್ರ 66! ಅಷ್ಟು ವೇಗದಲ್ಲಿ ಓಡುವ ಕಾರಿನ ನೆರಳನ್ನು ಯಾರು ನೋಡುತ್ತಾರೆ ಹೇಳಿ.

ಇನ್ನೊಂದು ವಿಷಯ. ಅವನ ಪರದೆ 60 ಹರ್ಟ್ಸಿನದು. ಕಾರ್ಡು ಎಷ್ಟೇ ಬಿಡಿಸಲಿ, ಅದು ಸೆಕೆಂಡಿಗೆ ತೋರಿಸುವುದು 60 ಮಾತ್ರ. ಎಸರು ಕುದಿಯುವಾಗ ಉರಿ ಏರಿಸಿದರೆ ಅನ್ನವೇನೂ ಬೇಗ ಆಗುವುದಿಲ್ಲ, ತಳ ಹಿಡಿಯುತ್ತದೆ ಅಷ್ಟೆ. ಇನ್ನು 25 ಚಿತ್ರದಲ್ಲಿ ತೆವಳುವ ಆಟಕ್ಕೆ ನೂರಕ್ಕೆ ಐದು ಹೆಚ್ಚಿದರೆ ಸಿಗುವುದು ಒಂದು ಚಿತ್ರ. ಹಾಗಂತ ಪೂರ್ತಿ ದಂಡ ಅನ್ನಲಾರೆ. 144 ಹರ್ಟ್ಸ್ ಪರದೆ, ಒಳ್ಳೆ ಗಾಳಿಯಾಡುವ ಪೆಟ್ಟಿಗೆ, ಕೆಟ್ಟರೆ ಇನ್ನೊಂದು ಕೊಳ್ಳುವ ಶಕ್ತಿ ಇದ್ದವರು ಮಾಡಿಕೊಳ್ಳಲಿ. ಸಾಲದ ಕಂತು ಇರುವವರಿಗಲ್ಲ.

ಕರೆಂಟಿನ ಲೆಕ್ಕವನ್ನೂ ಕೇಳಿದೆ. ಈ ಕಾರ್ಡು 75 ವ್ಯಾಟಿನದು. ದಿನಕ್ಕೆ ನಾಲ್ಕು ಗಂಟೆ ಆಡಿದರೆ ಕಾರ್ಡೊಂದಕ್ಕೇ ತಿಂಗಳಿಗೆ 9 ಯೂನಿಟ್ಟು. ಇದು ಪರವಾಗಿಲ್ಲ, ದೊಡ್ಡ ಕಾರ್ಡುಗಳು 200, 300 ವ್ಯಾಟ್ ನುಂಗುತ್ತವೆ.

ಈಗ ವೇಗ ಮೊದಲಿನಷ್ಟಕ್ಕೇ ಇಟ್ಟಿದ್ದಾನೆ. ಬ್ರಶ್ಶನ್ನು ಕಂಪ್ಯೂಟರಿನ ಪಕ್ಕದ ಮೊಳೆಗೆ ನೇತುಹಾಕಿ, ದೋಸೆ ಕಾವಲಿಗೆ ಎಣ್ಣೆ ಸವರಲು ಇದನ್ನು ಯಾರೂ ತೆಗೆಯಬೇಡಿ ಅಂತ ಮನೆಯವರಿಗೆಲ್ಲ ಹೇಳಿದ್ದೇನೆ.