ಬೇವಿನ ಮರ ತುದಿಯಿಂದ ಒಣಗುತ್ತಿರುವುದು ಮೊಬೈಲ್ ಟವರ್‌ನಿಂದಲ್ಲ!

'ಬೇವಿನ ಮರಗಳು ಸುಟ್ಟಂತೆ ಒಣಗುತ್ತಿವೆ, ಟವರ್ ರೇಡಿಯೇಷನ್ನೇ ಕಾರಣ, ಎಲ್ಲರಿಗೂ ಕಳಿಸಿ' ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಹೊಲದ ಬದುವಿಗೂ ಗುಡಿಯ ಕಟ್ಟೆಗೂ ಬೇವೇ ನೆರಳು. ಹಾಗಾಗಿ ಇದನ್ನು ಓದಿದರೆ ಗಾಬರಿಯಾಗುವುದು ಸಹಜ.

ಹೀಗೆ ತುದಿಯಿಂದ ಒಣಗುವುದಕ್ಕೆ ಮುಖ್ಯ ಕಾರಣ ಒಂದು ಶಿಲೀಂಧ್ರ. ಹೆಸರು ಫೋಮಾಪ್ಸಿಸ್ ಅಝಾಡಿರಾಕ್ಟೆ. ಇದನ್ನು ಹೊಸ ಪ್ರಭೇದವೆಂದು ವಿವರಿಸಿ 1997ರಲ್ಲಿ ಹೆಸರಿಟ್ಟವರು ನಮ್ಮ ಮೈಸೂರಿನ ಸಂಶೋಧಕರೇ. ಆಗ ಊರೂರಿಗೆ ಮೊಬೈಲ್ ಟವರ್ ಎಲ್ಲಿತ್ತು?

ಒಣಗಿದ ರೆಂಬೆಯ ತೊಗಟೆಯನ್ನು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು ತೊಗಟೆಯನ್ನು ಒಡೆದು ಮೇಲೆದ್ದಿರುತ್ತವೆ. ಅವೇ ಬೀಜಕಗಳ ಚೀಲ. ಮಳೆಯಲ್ಲಿ ನೆನೆದಾಗ ಅವುಗಳಿಂದ ಬೀಜಕಗಳು ಹೊರಬಂದು ಹನಿಯೊಂದಿಗೆ ಸಿಡಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಎರಡು ಬಗೆ ಕಾಣುತ್ತವೆ: ಒಳಗೆ ಎರಡು ಎಣ್ಣೆಹನಿ ಇರುವ ಮೊಟ್ಟೆಯಾಕಾರದ ಆಲ್ಫಾ, ಬಾಗಿದ ದಾರದಂಥ ಬೀಟಾ. ಸಾಮಾನ್ಯವಾಗಿ ಮೊಳೆತು ಸೋಂಕು ಹರಡುವುದು ಆಲ್ಫಾ.

ಗೂಗಲ್ ಮಾಡಿದರೆ ಇದೇ ಗುಂಪಿಗೆ 'ಡಯಾಪೋರ್ತೆ' ಎಂಬ ಹೆಸರೂ ಸಿಗುತ್ತದೆ. ಅದು ಬೇರೆ ರೋಗವಲ್ಲ. ಶಿಲೀಂಧ್ರದ ಲೈಂಗಿಕ ರೂಪಕ್ಕೊಂದು, ಅಲೈಂಗಿಕ ರೂಪಕ್ಕೊಂದು ಹೆಸರಿಡುವ ಹಳೆಯ ಪದ್ಧತಿಯಿತ್ತು. 2011ರಲ್ಲಿ ಮೆಲ್ಬರ್ನ್‌ನ ಸಸ್ಯವಿಜ್ಞಾನ ಸಮ್ಮೇಳನ ಅದನ್ನು ಕೈಬಿಟ್ಟಿತು. ಈಗ ಹೆಚ್ಚಿನವರು ಬಳಸುವುದು ಹಳೆಯದಾದ ಡಯಾಪೋರ್ತೆ ಹೆಸರನ್ನೇ.

'ಬೇವೇ ಔಷಧಿ, ಅದಕ್ಕೆಂಥಾ ರೋಗ?' ಎನ್ನುವವರಿದ್ದಾರೆ. ಬೇವಿನ ಕಹಿ ಎಲ್ಲ ಶಿಲೀಂಧ್ರಗಳನ್ನೂ ತಡೆಯುವುದಿಲ್ಲ. ಮೇಲಾಗಿ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ ಎಳೆ ಚಿಗುರಿನ ರಸ ಹೀರಿದರೂ ತುದಿ ಒಣಗುತ್ತದೆ. ಹಲವು ಮರಗಳಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ರೋಗ ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದ ಹೊತ್ತಿಗೆ ಜೋರಾಗುತ್ತದೆ. ಆಗ ಮರ ಸತ್ತೇಹೋಯಿತೆಂದು ಕೊಡಲಿ ಹಾಕುವುದೇ ದೊಡ್ಡ ತಪ್ಪು. ಬೇಸಿಗೆ ಬಂದಾಗ ಬಹಳಷ್ಟು ಮರಗಳು ಮತ್ತೆ ಚಿಗುರುತ್ತವೆ. ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಮರಕ್ಕೆ ಜೀವವಿದೆ. ಒಣಗಿದ ತುದಿಗಳನ್ನು ಹಸಿ ಭಾಗ ಸ್ವಲ್ಪ ಸೇರುವಂತೆ ಕತ್ತರಿಸಿ ಸುಟ್ಟುಹಾಕಿ. ಮರದ ಬುಡದಲ್ಲಿ ಬಿಡಬೇಡಿ, ಆ ಕಡ್ಡಿಗಳಲ್ಲೂ ಬೀಜಕಗಳಿರುತ್ತವೆ. ಇದು ಬೀಜದಿಂದಲೂ ಹರಡುವುದರಿಂದ, ರೋಗ ಬಂದ ಮರದ ಬೀಜ ಸಸಿ ಮಾಡಲು ಬೇಡ. ಔಷಧಿ ಸಿಂಪಡಿಸುವ ಮುನ್ನ ಒಂದು ರೆಂಬೆಯನ್ನು ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಶಿಲೀಂಧ್ರವೋ ಕೀಟವೋ ಎಂದು ಕೇಳಿ.

ಅಂದಹಾಗೆ, ತೊಗಟೆಯ ಮೇಲೆ ಬೂದು ಬಣ್ಣದ ಚಪ್ಪಟೆ ಮಚ್ಚೆಗಳಿದ್ದರೆ ಅದು ಕಲ್ಲುಹೂವು. ಮರಕ್ಕೆ ಅದರಿಂದ ತೊಂದರೆಯಿಲ್ಲ, ಕೆರೆದು ತೆಗೆಯಬೇಡಿ.