ಮೈನಸ್ ಮೂವತ್ತರಲ್ಲಿ ಒಂದು ಕ್ಲಿಕ್

ಹಿಮದ ಫೋಟೊಗೆ ಸಿಗುವಷ್ಟು ಲೈಕು ಬೇರೆ ಯಾವುದಕ್ಕೂ ಸಿಗಲ್ಲ. ಫ್ಯಾಮಿಲಿ ಗ್ರೂಪಿಗೆ ಒಂದು ಬಿಳಿ ರಸ್ತೆ, ಎರಡು ಬಿಳಿ ಮರ ಕಳಿಸಿದರೆ ಸಾಕು. ‘ಸ್ವರ್ಗದಲ್ಲಿದ್ದೀಯ ಬಿಡು’ ಅಂತ ದೊಡ್ಡಮ್ಮನಿಂದ ಹಿಡಿದು ಹೈಸ್ಕೂಲ್ ಗೆಳೆಯರ ತನಕ ಎಲ್ಲರೂ ಹಾರ್ಟ್ ಒತ್ತುತ್ತಾರೆ. ಆದರೆ ಆ ಫೋಟೊದಲ್ಲಿ ಎರಡು ವಿಷಯ ಕಾಣೋದೇ ಇಲ್ಲ. ಒಂದು ಚಳಿ, ಇನ್ನೊಂದು ಕತ್ತಲೆ. ಚಳಿಗೆ ಜಾಕೆಟ್ ಇದೆ. ಕತ್ತಲೆಗೆ ಏನು ಹಾಕಿಕೊಳ್ಳೋದು?

ನಾನಿರೋದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಲ್ಲಿ. ಡಿಸೆಂಬರ್ 21ರ ಆಸುಪಾಸು ಇಲ್ಲಿ ಸೂರ್ಯ ಹುಟ್ಟೋದು ಬೆಳಿಗ್ಗೆ 8.48ಕ್ಕೆ, ಮುಳುಗೋದು ಸಂಜೆ 4.16ಕ್ಕೆ. ಹಗಲು ಅಂದರೆ ಏಳೂವರೆ ಗಂಟೆ ಕೂಡ ತುಂಬಲ್ಲ. ಆಫೀಸಿಗೆ ಹೋಗುವವರು ಕತ್ತಲಲ್ಲಿ ಹೋಗಿ ಕತ್ತಲಲ್ಲೇ ವಾಪಸ್ ಬರ್ತಾರೆ. ಹೀಗೆ ಚಳಿಗಾಲ ಬಂತೆಂದರೆ ಮನಸ್ಸು ಕುಗ್ಗುವುದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ, ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಬರೆದರು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ಬೆಳಕಿನ ಪೆಟ್ಟಿಗೆ ಮುಂದೆ ಕೂರೋದು ಇದಕ್ಕಿರುವ ಚಿಕಿತ್ಸೆಗಳಲ್ಲೊಂದು.

ನನಗೆ ಮನೆಯಿಂದ ಹೊರಗೆ ಬೀಳೋಕೆ ನೆಪ ಆಗಿದ್ದು ಕ್ಯಾಮೆರಾ. ನಾನೇನು ದೊಡ್ಡ ಫೋಟೊಗ್ರಾಫರ್ ಅಲ್ಲ. ಒಂದು ಹಳೇ ಕ್ಯಾಮೆರಾ, ಎರಡು ಲೆನ್ಸು, ಊಟದ ಬಿಡುವಿನ ನಲವತ್ತು ನಿಮಿಷ. ಅಷ್ಟರಲ್ಲೇ ನಾರ್ತ್ ಸಸ್ಕಾಚೆವಾನ್ ನದಿಯ ಕಣಿವೆಗೆ ಇಳಿದು ವಾಪಸ್ ಬರಬೇಕು.

ಇಲ್ಲೊಂದು ಮಜಾ ಇದೆ ನೋಡಿ. ಡಿಸೆಂಬರ್ ಮಧ್ಯಾಹ್ನ ಬೆಂಗಳೂರಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರಕ್ಕೆ ಏರಿದರೆ, ಇಲ್ಲಿ ಬರೀ 13 ಡಿಗ್ರಿ. ಊರಲ್ಲಿ ಫೋಟೊ ತೆಗೆಯುವವರು ಚೆಂದದ ಬೆಳಕಿಗೆ ಬೆಳಿಗ್ಗೆ ಆರಕ್ಕೇ ಎದ್ದು ಕಾಯ್ತಾರಲ್ಲ, ಅಂಥ ವಾಲಿದ ಬೆಳಕು ಇಲ್ಲಿ ನಡುಮಧ್ಯಾಹ್ನವೂ ಸಿಗುತ್ತೆ. ಒಂದು ಬೇಲಿಗೂಟದ ನೆರಳು ನಾಲ್ಕು ಗೂಟದಷ್ಟು ಉದ್ದ ಚಾಚಿರುತ್ತೆ. ಹಿಮದ ಮೇಲೆ ಬಿದ್ದ ಆ ನೆರಳು ಕಪ್ಪಲ್ಲ, ನೀಲಿ. ನೇರ ಬಿಸಿಲು ತಾಗದ ಜಾಗಕ್ಕೆ ನೀಲಿ ಆಕಾಶವೇ ದೀಪ.

ಇನ್ನು ಹಿಮ ಕ್ಯಾಮೆರಾವನ್ನೇ ಏಮಾರಿಸುತ್ತೆ. ಅದು ಎದುರಿನ ದೃಶ್ಯ ಸರಾಸರಿ ಬೂದುಬಣ್ಣದ್ದು ಅಂತ ನಂಬಿಕೊಂಡು ಲೆಕ್ಕ ಹಾಕುತ್ತೆ. ಹಾಗಾಗಿ ಹಾಲಿನಂಥ ಹಿಮ ಬೂದಿ ಚೆಲ್ಲಿದಂತೆ ಬರುತ್ತೆ. ಎಕ್ಸ್‌ಪೋಷರನ್ನು ಒಂದರಿಂದ ಎರಡು ಸ್ಟಾಪ್ ಏರಿಸಿದರೆ ಬಿಳಿ ಬಿಳಿಯಾಗೇ ಬರುತ್ತೆ. ಫೋನಲ್ಲೂ ಅಷ್ಟೇ. ಪರದೆ ಮೇಲೆ ಒತ್ತಿ, ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೀರಿ.

ಚಳಿಯ ಪಾಠಗಳು ಬೇರೆ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುತ್ತೆ. ತುಂಬಿದ ಬ್ಯಾಟರಿಯೂ ಸತ್ತಂತೆ ನಟಿಸುತ್ತೆ. ಒಳಜೇಬಿಗೆ ಹಾಕಿ ಮೈ ಬಿಸಿ ತಾಗಿಸಿದರೆ ಮತ್ತೆ ಎದ್ದು ಕೂರುತ್ತೆ. ಮನೆಗೆ ಬರುವ ಮುಂಚೆ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಬೇಕು. ಇಲ್ಲದಿದ್ದರೆ ಫ್ರಿಜ್ಜಿಂದ ತೆಗೆದ ನೀರಿನ ಬಾಟಲಿ ಥರ ಮೈತುಂಬ ಹನಿ ಕಟ್ಟುತ್ತೆ. ಗಾಳಿಯೂ ಸೇರಿ ಚಳಿ ಮೈನಸ್ 28 ದಾಟಿದಂತೆ ಅನ್ನಿಸುವ ದಿನ, ಮುಚ್ಚದ ಚರ್ಮ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಅಂಥ ದಿನ ಎರಡು ಗ್ಲೌಸು, ನಾಲ್ಕು ಕ್ಲಿಕ್ಕು, ಸೀದಾ ವಾಪಸ್. ಯಾವ ಫೋಟೊವೂ ಬೆರಳಿಗಿಂತ ದೊಡ್ಡದಲ್ಲ.

ಈ ಚಳಿಯ ಜೊತೆ ಗುದ್ದಾಡಿದ ಹಿರಿಯರನ್ನು ನೆನೆದರೆ ನಗು ಬರುತ್ತೆ. ಸ್ಕಾಟ್ಲೆಂಡಿನಿಂದ 1856ರಲ್ಲಿ ಮಾಂಟ್ರಿಯಲ್‌ಗೆ ಬಂದ ವಿಲಿಯಂ ನೋಟ್‌ಮನ್ ಕೆನಡಾದ ಚಳಿಗಾಲದ ಚಿತ್ರಗಳಿಗೇ ಹೆಸರಾದವನು. ಆಗಿನ ಒದ್ದೆ ಗಾಜಿನ ತಟ್ಟೆ ಹಿಡಿದು ಹಿಮದಲ್ಲಿ ಕೆಲಸ ಮಾಡೋದು ಕಷ್ಟ. ಅದಕ್ಕೇ ಅವನು ಚಳಿಗಾಲವನ್ನೇ ಸ್ಟುಡಿಯೊ ಒಳಗೆ ಕಟ್ಟಿದ. ನೆಲದ ಹಿಮಕ್ಕೆ ಉಪ್ಪು, ಕುರಿಮರಿಯ ತುಪ್ಪಳ. ಬೀಳುವ ಹಿಮಕ್ಕೆ ನೆಗೆಟಿವ್ ಮೇಲೆ ಸಿಂಪಡಿಸಿದ ಬಿಳಿ ಬಣ್ಣ. 1870ರ ಸ್ಕೇಟಿಂಗ್ ಉತ್ಸವದ ಅವನ ಪ್ರಸಿದ್ಧ ಚಿತ್ರವಂತೂ ನೂರಾರು ಜನರ ಬಿಡಿ ಬಿಡಿ ಫೋಟೊ ಕತ್ತರಿಸಿ ಅಂಟಿಸಿದ್ದು. ಹಿಮದ ಫೋಟೊದಲ್ಲಿ ಚಳಿ ಕಾಣದಂತೆ ಮಾಡೋ ಕಲೆ ನಮ್ಮ ಇನ್‌ಸ್ಟಾಗ್ರಾಮ್ ಕಾಲದ್ದಲ್ಲ ಬಿಡಿ!

ನನ್ನ ಇಷ್ಟದ ಮಾಡೆಲ್ ಅಂದರೆ ಚಿಕಡೀ ಹಕ್ಕಿ. ತಲೆ ಮೇಲೆ ಕಪ್ಪು ಟೋಪಿ, ತೂಕ ಸುಮಾರು ಹನ್ನೆರಡು ಗ್ರಾಂ ಅಷ್ಟೇ. ಇಷ್ಟು ಚಿಕ್ಕ ಜೀವ ದಕ್ಷಿಣಕ್ಕೆ ಓಡಿಹೋಗದೆ ಇಲ್ಲೇ ಚಳಿಗಾಲ ಕಳೆಯುತ್ತೆ. ಬೇಸಿಗೆ ಕೊನೆಯಿಂದಲೇ ಒಂದೊಂದು ಕಾಳನ್ನೂ ಒಂದೊಂದು ಸಂದಿಯಲ್ಲಿ ಬಚ್ಚಿಟ್ಟು, ಆ ಜಾಗ ನೆನಪಿಟ್ಟುಕೊಳ್ಳುತ್ತೆ. ರಾತ್ರಿ ಮೈಯ ಶಾಖವನ್ನೇ ಕೆಲವು ಡಿಗ್ರಿ ಇಳಿಸಿಕೊಂಡು ಶಕ್ತಿ ಉಳಿಸುತ್ತೆ. ವೈಟ್‌ಮಡ್ ಕಣಿವೆಯಲ್ಲಿ ಅಂಗೈ ಚಾಚಿ ಸುಮ್ಮನೆ ನಿಂತರೆ ಬಂದು ಬೆರಳ ಮೇಲೇ ಕೂರುತ್ತೆ. ಆ ಪುಟ್ಟ ಪಾದದ ಹಿಡಿತ ಮಾತ್ರ ಯಾವ ಫೋಟೊದಲ್ಲೂ ಬರಲ್ಲ.

ಈಗ ಹೇಳಬೇಕೆಂದಿದ್ದ ವಿಷಯ. ನಮ್ಮ ಅಪಾರ್ಟ್‌ಮೆಂಟಿಗೆ ಹಾಸನದ ಕಡೆಯ ಒಬ್ಬ ಹುಡುಗ ಬಂದ. ಒಳ್ಳೆ ಕೆಲಸ, ಒಳ್ಳೆ ಸಂಬಳ. ಊರಿಗೆ ಅವನು ಕಳಿಸುತ್ತಿದ್ದ ಹಿಮದ ಸೆಲ್ಫಿಗಳು ನನ್ನವಕ್ಕಿಂತ ಚೆನ್ನಾಗಿದ್ದವು. ಡಿಸೆಂಬರ್ ಹೊತ್ತಿಗೆ ಕರ್ಟನ್ ತೆಗೆಯೋದು ನಿಲ್ಲಿಸಿದ. ಶನಿವಾರ ಪೂರ್ತಿ ನಿದ್ದೆ. ಊಟಕ್ಕೆ ಕರೆದರೆ ‘ಆಮೇಲೆ ಬರ್ತೀನಿ’. ಮನೆಗೆ ಫೋನ್ ಮಾಡಿದಾಗ ಮಾತ್ರ ‘ಸೂಪರ್ ಆಗಿದೀನಮ್ಮ’.

‘ಹೇಗಿದೀಯಾ’ ಅಂತ ಕೇಳಿದರೆ ಉತ್ತರ ರೆಡಿ ಇರುತ್ತೆ. ಅದಕ್ಕೇ ನಾನು ‘ಟ್ರೈಪಾಡ್ ಹಿಡ್ಕೊಳೋಕೆ ಒಬ್ರು ಬೇಕು, ಬಾ’ ಅಂದೆ. ಬಂದ. ಎರಡನೇ ಸಲ ನದಿ ಹತ್ತಿರ ನಡೆಯುವಾಗ, ಮೂರು ವಾರದಿಂದ ಬೆಳಿಗ್ಗೆ ಏಳೋಕೇ ಆಗ್ತಿಲ್ಲ ಅಂತ ತಾನಾಗೇ ಹೇಳಿದ. ಆ ವಾರವೇ ಡಾಕ್ಟರ ಹತ್ತಿರ ಹೋದೆವು. ಔಷಧಿ, ಕೌನ್ಸೆಲಿಂಗ್ ಶುರುವಾಯಿತು, ಬೆಳಕಿನ ಪೆಟ್ಟಿಗೆಯೂ ಮನೆಗೆ ಬಂತು. ಕ್ಯಾಮೆರಾ ಅವನನ್ನು ಗುಣ ಮಾಡಿತು ಅಂತ ನಾನು ಹೇಳಲ್ಲ. ಕ್ಯಾಮೆರಾ ಅವನ ಬಾಗಿಲು ತೆಗೆಸಿತು, ಅಷ್ಟೇ.

ಅದರ ಜೊತೆ ಅವನಿಗೊಂದು ಕೆಲಸ ಕೊಟ್ಟೆ. ಆಫೀಸಿನ ಮುಂದಿನ ಬಸ್ ಸ್ಟಾಪನ್ನು ದಿನಾ ಸಂಜೆ ಸರಿಯಾಗಿ ಐದಕ್ಕೆ, ನಿಂತಲ್ಲೇ ನಿಂತು, ಫೋನಲ್ಲಿ ಒಂದೇ ಫೋಟೊ. ಎಡಿಟ್ ಇಲ್ಲ, ಫಿಲ್ಟರ್ ಇಲ್ಲ. ಡಿಸೆಂಬರಿನ ಫೋಟೊಗಳಲ್ಲಿ ಬರೀ ಕತ್ತಲೆ, ಒಂದು ಬೀದಿದೀಪ. ಜನವರಿ ಕೊನೆಯ ಹೊತ್ತಿಗೆ ಛಾವಣಿಯ ಹಿಂದೆ ಕಿತ್ತಳೆ ಬಣ್ಣ. ಫೆಬ್ರವರಿ ಕೊನೆಗೆ ಅದೇ ಐದು ಗಂಟೆಗೆ ಬೆಂಚಿನ ಮೇಲೆ ಬಿಸಿಲು! ಹೊರಗಿನ ಚಳಿ ಒಂಚೂರೂ ಇಳಿದಿರಲಿಲ್ಲ. ಆದರೆ ಬೆಳಕು ವಾಪಸ್ ಬರ್ತಿದೆ ಅನ್ನೋದಕ್ಕೆ ಅವನ ಫೋನಲ್ಲೇ ಸಾಕ್ಷಿ ಇತ್ತು. ಒಂದಿನ ಊಟದ ಹೊತ್ತಲ್ಲಿ ಅವೆಲ್ಲ ಸಾಲಾಗಿ ತೋರಿಸಿ, ‘ನೋಡಿ, ನನಗೆ ಗೊತ್ತೇ ಆಗಿರಲಿಲ್ಲ’ ಅಂದ.

ಮಾರ್ಚ್ ಬಂದರೆ ಇಲ್ಲಿ ಹಗಲು ದಿನಕ್ಕೆ ಸುಮಾರು ನಾಲ್ಕು ನಿಮಿಷದಂತೆ ಬೆಳೆಯುತ್ತೆ. ಹೊಸದಾಗಿ ಇಂಥ ಊರಿಗೆ ಹೊರಟವರಿಗೆ ನಾನು ಹೇಳೋದು ಇಷ್ಟೇ. ಒಳ್ಳೆ ಬೂಟು ಕೊಳ್ಳಿ. ಮಧ್ಯಾಹ್ನದ ಬೆಳಕನ್ನು ಮೀಟಿಂಗಿಗೆ ಬಿಟ್ಟುಕೊಡಬೇಡಿ. ಎರಡು ವಾರ ಮೀರಿ ಮನಸ್ಸು ಏಳದಿದ್ದರೆ ಡಾಕ್ಟರನ್ನು ನೋಡಿ. ಅದು ಸೋಮಾರಿತನ ಅಲ್ಲ.

ಊರಲ್ಲಿರುವವರಿಗೂ ಒಂದು ಮಾತು. ಕೆನಡಾದಲ್ಲಿರುವ ಗೆಳೆಯನೋ ತಂಗಿಯೋ ಹಿಮದ ಫೋಟೊ ಕಳಿಸಿದರೆ ಹಾರ್ಟ್ ಒತ್ತಿ, ಬೇಡ ಅನ್ನಲ್ಲ. ಆಮೇಲೆ ಒಂದು ಫೋನೂ ಮಾಡಿ. ನಿಮ್ಮ ಬೆಳಗಿನ ಕಾಫಿ ಹೊತ್ತಿಗೆ ಅಲ್ಲಿ ಹಿಂದಿನ ದಿನದ ಸಂಜೆ ಕಳೆದು ಕತ್ತಲಾಗಿರುತ್ತೆ. ‘ಎಷ್ಟು ಡಿಗ್ರಿ ಇದೆ?’ ಅಂತ ಎಲ್ಲರೂ ಕೇಳ್ತಾರೆ. ನೀವು ‘ಇವತ್ತು ಬಿಸಿಲಿಗೆ ಹೋಗಿದ್ಯಾ?’ ಅಂತ ಕೇಳಿ.