ತ್ಯಾಗಮಯಿ ಅನ್ನೋದನ್ನ ಇನ್ನಾದರೂ ನಿಲ್ಲಿಸೋಣ

ನಮ್ಮ ಕನ್ನಡ ಬ್ಲಾಗುಗಳಲ್ಲಿ ಅಜ್ಜಿಯರಿಗೇನೂ ಬರ ಇಲ್ಲ. ಅಜ್ಜಿ ಬಡಿದ ರೊಟ್ಟಿ, ಅಜ್ಜಿ ಹೊಲಿದ ಕೌದಿ, ಅಜ್ಜಿ ಹೇಳಿದ ಕಥೆ... ಓದ್ತೀನಿ, ಖುಷಿನೂ ಆಗುತ್ತೆ. ಆದರೆ ಕೊನೆಗೆ ಒಂದು ಶಬ್ದ ಬಂದೇ ಬರುತ್ತೆ ನೋಡಿ: "ತ್ಯಾಗಮಯಿ". ನನ್ನ ತಕರಾರು ಇರೋದು ಆ ಶಬ್ದದ ಮೇಲೆ.

ನಮ್ಮ ಆಯಿ (ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನೋದು) ಅಥಣಿ ತಾಲೂಕಿನ ಸತ್ತಿಯಲ್ಲಿ ಬಾಳಿ, ತೊಂಬತ್ತು ದಾಟಿ ಹೋದಳು. ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿರಲಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ ಅವಳ ಕಂಕುಳಲ್ಲಿ ಎರಡನೇ ಕೂಸಿತ್ತಂತೆ. 1972ರ ಬರಗಾಲದ ಹೊತ್ತಿಗೆ ಐದು ಮಕ್ಕಳು, ಗಂಡ ಇಲ್ಲ. ಜೋಳದ ಹೊಲ ಕಬ್ಬಿನ ಹೊಲ ಆಗೋ ತನಕ ಕಳೆ ಕಿತ್ತಿದ್ದು, ರಾಶಿ ಕಾದಿದ್ದು, ಸಾಲ ತೀರಿಸಿದ್ದು ಎಲ್ಲಾ ಅವಳೇ.

ಆದರೆ ಹೊಲದ ಉತಾರದಲ್ಲಿ ಅವಳ ಹೆಸರು ಒಂದು ದಿನವೂ ಇರಲಿಲ್ಲ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣಾ ಹೊಳೆ ಹೊಲಕ್ಕೆ ನುಗ್ಗಿತು. ಬೆಳೆ ಪರಿಹಾರ ಹೋಗೋದು ಉತಾರದಲ್ಲಿ ಹೆಸರಿದ್ದವರಿಗೆ. ದುಡಿದವರು ಯಾರು ಅಂತ ಅಲ್ಲಿ ಯಾರು ಕೇಳ್ತಾರೆ!

ಇದು ಕಾನೂನಿನ ತಪ್ಪಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದ ಮೃತ್ಯುಪತ್ರ ಬರೆಯದೆ ಸತ್ತ ಗಂಡನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಹಕ್ಕಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂತು, ಅಷ್ಟರೊಳಗೆ ಮದುವೆ ಆದವರನ್ನು ಹೊರಗಿಟ್ಟಿತ್ತು ಅಷ್ಟೇ. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಗೋಡೆಯನ್ನೂ ಕೆಡವಿತು. ಆಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಮತ್ತೆ ತಡೆದಿದ್ದು ಯಾವುದು? ಅದೇ, ನಾವು ಬಾಯಿ ತುಂಬ ಹೊಗಳೋ ತ್ಯಾಗ!

"ಅಕೀನ ಬ್ಯಾಡ ಅಂದ್ಲು" ಅಂತಾರೆ. ಹೌದು, ತವರಿನ ಹೊಲದ ಪಾಲು ಬ್ಯಾಡ ಅಂತ ಆಯಿ ಹೆಬ್ಬೆಟ್ಟು ಒತ್ತಿದ್ದಳು. ಬದಲಿಗೆ ಒಂದು ಇಳಕಲ್ ಸೀರೆ, ಒಂದು ಖಣ. ಆದರೆ ಬೇಕು ಅಂದಿದ್ದರೆ ಏನಾಗ್ತಿತ್ತು? ಪಂಚಮಿಗೆ ಕರಿಯಾಕ ಅಣ್ಣ ಬರ್ತಿರಲಿಲ್ಲ. ಹೊಲ ಬೇಕೋ, ತವರು ಬೇಕೋ ಅಂತ ನಿಲ್ಲಿಸಿ ಕೇಳಿದರೆ ಯಾವ ಹೆಣ್ಣುಮಗಳು ಹೊಲ ಅಂತಾಳ್ರೀ? ಈ ಪ್ರಶ್ನೆಯನ್ನ ಗಂಡುಮಕ್ಕಳಿಗೆ ಯಾರೂ ಕೇಳೋದಿಲ್ಲ, ಅವರಿಗೆ ಎರಡೂ ಸಿಗುತ್ತೆ. ಬೇರೆ ದಾರಿ ಇಲ್ಲದೆ ಬಿಟ್ಟುಕೊಟ್ಟದ್ದಕ್ಕೆ ತ್ಯಾಗ ಅಂತ ಹೆಸರಿಡೋದು ಇಸ್ಕೊಂಡವರಿಗೆ ಮಾತ್ರ ಅನುಕೂಲ.

ಆಯಿ ತೀರಿದ ಮೇಲೆ ಊರಲ್ಲಿ ದೊಡ್ಡ ಫ್ಲೆಕ್ಸ್ ನಿಂತಿತು. ಅದರ ಮೇಲೂ "ತ್ಯಾಗಮಯಿ ಮಾತೆ". ಅದೇ ವಾರ ನಮ್ಮ ಅತ್ತೆಯರಿಗೆ ಹಕ್ಕು ಬಿಡುಗಡೆ ಪತ್ರದ ಮೇಲೆ ಸಹಿ ಮಾಡ್ರಿ ಅಂತ ಮಾತು ಶುರುವಾಯ್ತು. ಸೀರೆನೂ ರೆಡಿ ಇತ್ತು!

ಅಜ್ಜಿಯ ಬಗ್ಗೆ ಬರೆಯೋ ಗೆಳೆಯರೇ, ರೊಟ್ಟಿ ಬಗ್ಗೆ ಬರೀರಿ, ಬೇಡ ಅನ್ನಲ್ಲ. ಅದರ ಜೊತೆ ಅವಳು ಎಷ್ಟು ಎಕರೆ ದುಡಿದಳು, ಅದರಲ್ಲಿ ಎಷ್ಟು ಗುಂಟೆ ಅವಳ ಹೆಸರಿಗಿತ್ತು ಅನ್ನೋದನ್ನೂ ಬರೀರಿ. ನಿಮ್ಮ ಮನೆಯಲ್ಲಿ ವಾರಸಾ ಹಚ್ಚುವಾಗ ಅಕ್ಕತಂಗಿಯರ ಹೆಸರು ಬಿಟ್ಟಿಲ್ಲ ತಾನೇ? ಉತಾರ ತೆಗೆಸಿ ಒಮ್ಮೆ ನೋಡಿ.